ಕದರಮಂಡಲಗಿಗೆ ಅಕ್ಷರಗಳೆಷ್ಟು?

ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನಲ್ಲಿ ಕದರಮಂಡಲಗಿ ಎಂಬ ಊರುಂಟು. ಅಲ್ಲಿಯ ಆಂಜನೇಯನ ಗುಡಿಯ ದೆಸೆಯಿಂದ ಆ ಹೆಸರು ಸುತ್ತಲ ಸೀಮೆಗೆಲ್ಲ ಪರಿಚಿತವಾದುದು. ಈ ಹೆಸರಿನಲ್ಲಿ ಅಕ್ಷರಗಳು ಎಷ್ಟು? ಕನ್ನಡ ಶಾಲೆಯ ಎರಡನೆಯ ತರಗತಿಯ ಬಾಲಕನೂ ಬೆರಳು ಮಡಿಸಿ ಎಣಿಸಿ, ‘ಏಳು’ ಎಂದು ಹೇಳಿಯಾನು: ಕ, ದ, ರ, ಮಂ, ಡ, ಲ, ಗಿ. ಇದೇ ಪ್ರಶ್ನೆಯನ್ನು ವಿಂಡೋಸ್ ವ್ಯವಸ್ಥೆಯುಳ್ಳ ಕಂಪ್ಯೂಟರಿಗೆ ಹಾಕಿದರೆ, ನಾವು ಕೇಳುವ ಬಗೆಯನ್ನನುಸರಿಸಿ ಅದು ಒಮ್ಮೆ 9 ಎನ್ನುವುದು, ಒಮ್ಮೆ 18 ಎನ್ನುವುದು, ಮತ್ತೊಮ್ಮೆ 27 ಎನ್ನುವುದು. ತಪ್ಪಿದವರು ಯಾರು? ಬಾಲಕನೂ ತಪ್ಪಿಲ್ಲ, ಯಂತ್ರವೂ ತಪ್ಪಿಲ್ಲ. ಈ ನಾಲ್ಕು ಉತ್ತರಗಳ ನಡುವಣ ಅಂತರವನ್ನು ಅರಿಯದೆ ಪ್ರೋಗ್ರಾಮು ಬರೆದವನು ಮಾತ್ರ ತಪ್ಪುತ್ತಾನೆ. ಕನ್ನಡಿಗರಿಗಾಗಿ ವಿಂಡೋಸಿನ ಪ್ರೋಗ್ರಾಮುಗಳನ್ನು ಬರೆಯುವವರು ಪಡುವ ಪಾಡಿನಲ್ಲಿ ಬಹುಪಾಲಿಗೆ ಬೀಜ ಇಲ್ಲಿಯೇ ಇದೆ.

ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳೋಣ. ಬ್ಯಾಡಗಿಯ ಮೆಣಸಿನಕಾಯಿ ಪೇಟೆ ಹೆಸರಾಂತದ್ದು. ಕಡು ಕೆಂಪು ಬಣ್ಣಕ್ಕೂ ಮಿತವಾದ ಖಾರಕ್ಕೂ ಪ್ರಸಿದ್ಧವಾದ ಅಲ್ಲಿಯ ಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಕದರಮಂಡಲಗಿಯ ರೈತನೊಬ್ಬನು ಹತ್ತು ಚೀಲ ಕಾಯಿಯನ್ನು ಪೇಟೆಗೆ ತಂದನೆನ್ನೋಣ. ದಲಾಲಿ ಅಂಗಡಿಯ ಕಂಪ್ಯೂಟರಿನಲ್ಲಿ ಅವನ ಹೆಸರು, ಊರು, ತೂಕ, ದರಗಳನ್ನು ಬರೆದು ಲೆಕ್ಕದ ಪಟ್ಟಿಯನ್ನು ಅಚ್ಚುಮಾಡಿ ಕೊಡುವ ಪ್ರೋಗ್ರಾಮೊಂದಿದೆ. ಪಟ್ಟಿಯಲ್ಲಿ ಹೆಸರು ಕೆಟ್ಟರೆ ಬ್ಯಾಂಕಿನವರು ಹಣ ಕೊಡರು. ತೂಕ ಕೆಟ್ಟರೆ ವರ್ಷದ ದುಡಿಮೆ ಕೆಡುವುದು. ಈ ಪ್ರೋಗ್ರಾಮಿಗೆ ಬರಬಹುದಾದ ಐದು ಬೇನೆಗಳನ್ನೂ, ಅವುಗಳ ನಿದಾನವನ್ನೂ, ಮದ್ದನ್ನೂ ಇಲ್ಲಿ ವಿಚಾರಿಸುವೆವು.

ಪ್ರಶ್ನೆಯ ಚಿಹ್ನೆಗಳ ಸಾಲು

ಮೊದಲನೆಯ ಬೇನೆ ಕಣ್ಣಿಗೆ ರಾಚುವಂಥದು. ‘ಕದರಮಂಡಲಗಿ’ ಎಂದು ಬರೆದುದು ಪಟ್ಟಿಯಲ್ಲಿ ‘?????????’ ಎಂದು ಮೂಡುವುದು. ಇದೇಕೆ?

ಕಂಪ್ಯೂಟರಿಗೆ ಅಕ್ಷರಗಳ ಅರಿವಿಲ್ಲ, ಅಂಕಿಗಳ ಅರಿವು ಮಾತ್ರ ಉಂಟು. ಯಾವ ಅಕ್ಷರಕ್ಕೆ ಯಾವ ಅಂಕಿಯೆಂಬ ಒಪ್ಪಂದಕ್ಕೆ ಸಂಕೇತಪಟ್ಟಿಯೆಂದು ಹೆಸರು. ಹಳೆಯ ವಿಂಡೋಸಿನಲ್ಲಿ ಪಾಶ್ಚಾತ್ಯ ಭಾಷೆಗಳಿಗೆ ಒಂದು, ರಷ್ಯನ್ನಿಗೆ ಒಂದು, ಗ್ರೀಕಿಗೆ ಒಂದು ಹೀಗೆ ‘ಆನ್ಸಿ’ ಎಂದು ಕರೆಯಲಾಗುತ್ತಿದ್ದ ಪಟ್ಟಿಗಳಿದ್ದುವು. ಒಂದೊಂದರಲ್ಲಿ 256 ಸ್ಥಾನಗಳು. ಕನ್ನಡಕ್ಕೆ ಅಂಥ ಪಟ್ಟಿಯನ್ನು ವಿಂಡೋಸು ಎಂದೂ ಕೊಡಲಿಲ್ಲ. ಆ ಕಾಲದಲ್ಲಿ ಕನ್ನಡಿಗರು ಒಂದು ಉಪಾಯವನ್ನು ಹೂಡಿದರು: ಲ್ಯಾಟಿನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡ ಅಕ್ಷರಭಾಗಗಳ ಚಿತ್ರಗಳನ್ನು ಇರಿಸಿದ ಫಾಂಟುಗಳನ್ನು ಮಾಡಿಕೊಂಡರು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವುಗಳಿಂದ ನಾಡಿನ ಕಚೇರಿಗಳಲ್ಲಿಯೂ ಅಚ್ಚುಕೂಟಗಳಲ್ಲಿಯೂ ಕನ್ನಡದ ಕೆಲಸ ಈ ಬಗೆಯಲ್ಲಿ ಸಾಗಿತು. ನುಡಿಯಲ್ಲಿ ನೆಲೆಗೊಂಡ ಕೀಲಿಮಣೆಯ ವಿನ್ಯಾಸಕ್ಕೆ ಕೆ. ಪಿ. ರಾವ್ ಅವರು ರೂಪಿಸಿದುದೇ ತಳಹದಿ. ಆದರೆ ಫಾಂಟು ಕಣ್ಮರೆಯಾದೊಡನೆ ಕನ್ನಡವೂ ಕಣ್ಮರೆಯಾಗಿ, ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳು ಉಳಿಯುತ್ತಿದ್ದುವು.

ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಪಟ್ಟಿಯಿರಲೆಂದು ಹುಟ್ಟಿದುದು ಯೂನಿಕೋಡು. 1991ರ ಅದರ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಫಾಂಟಿನೊಡನೆ ಯೂನಿಕೋಡ್ ಕನ್ನಡ ಬಂದಿತು. ಆದರೆ ಹಳೆಯ ಬಾಗಿಲನ್ನು ವಿಂಡೋಸು ಮುಚ್ಚಲಿಲ್ಲ. ಪಠ್ಯವನ್ನು ಕೈಗೊಳ್ಳುವ ಅದರ ಅನೇಕ ಸೇವೆಗಳಿಗೆ ಎರಡೆರಡು ರೂಪಗಳಿವೆ: ಹೆಸರಿನ ಕೊನೆಗೆ ‘ಎ’ ಉಳ್ಳವು ಹಳೆಯ ಪಟ್ಟಿಯವು, ‘ಡಬ್ಲ್ಯು’ ಉಳ್ಳವು ಯೂನಿಕೋಡಿನವು. ಪ್ರೋಗ್ರಾಮು ತಿಳಿದೋ ತಿಳಿಯದೆಯೋ ‘ಎ’ ಬಾಗಿಲಿನಿಂದ ಹೊಕ್ಕರೆ, ಪಟ್ಟಿಯಲ್ಲಿಲ್ಲದ ಕನ್ನಡ ಅಕ್ಷರಕ್ಕೆಲ್ಲ ವಿಂಡೋಸು ಪ್ರಶ್ನೆಯ ಚಿಹ್ನೆಯನ್ನು ಇಟ್ಟುಬಿಡುವುದು. ‘ಡಬ್ಲ್ಯು’ ಬಾಗಿಲನ್ನೇ ಹಿಡಿಯುವುದು ಇದಕ್ಕೆ ಮದ್ದು. 2019ರ ವಿಂಡೋಸಿನಿಂದೀಚೆಗೆ, ‘ಎ’ ಬಾಗಿಲಿನಲ್ಲಿಯೂ ಯುಟಿಎಫ್-8 ಎಂಬ ಯೂನಿಕೋಡ್ ರೂಪವೇ ನಡೆಯಲೆಂದು ಪ್ರೋಗ್ರಾಮು ಮೊದಲೇ ಸಾರಿಕೊಳ್ಳಲು ಅವಕಾಶವಾಗಿದೆ.

ಕೆಟ್ಟ ಅಕ್ಷರದ ರೂಪವೇ ರೋಗವನ್ನು ತಿಳಿಸುವುದೆಂಬುದು ಇಲ್ಲಿಯ ಸ್ವಾರಸ್ಯ. ಪ್ರಶ್ನೆಯ ಚಿಹ್ನೆಗಳು ಕಂಡರೆ, ಪರದೆಯ ಮೇಲೆ ಮಾತ್ರ ಹಾಗೆ ಕಾಣುತ್ತಿದೆಯೇ, ಫೈಲಿನಲ್ಲಿಯೂ ಹಾಗೆಯೇ ಇದೆಯೇ ಎಂದು ನೋಡಬೇಕು. ಫೈಲಿನಲ್ಲಿಯೂ ಇದ್ದರೆ ಮೂಲ ಅಳಿದುಹೋಗಿದೆ, ಮತ್ತೆ ಬರೆಯದೆ ಗತಿಯಿಲ್ಲ. ಖಾಲಿ ಚೌಕಗಳು ಕಂಡರೆ ಮೂಲ ಕ್ಷೇಮವಾಗಿದೆ, ಫಾಂಟು ಮಾತ್ರ ಇಲ್ಲ. ಓರೆಗೆರೆಯನ್ನು ತಲೆಯ ಮೇಲೆ ಹೊತ್ತ ಲ್ಯಾಟಿನ್ ‘ಎ’ ಅಕ್ಷರವೂ, ಅದರ ಮಗ್ಗುಲಲ್ಲಿ ಪುಟ್ಟ 2 ಅಥವಾ 3ರ ಅಂಕಿಯೂ ಮತ್ತೆ ಮತ್ತೆ ಬಂದರೆ, ಯುಟಿಎಫ್-8ರ ಕನ್ನಡವನ್ನು ಪಾಶ್ಚಾತ್ಯ ಪಟ್ಟಿಯಿಂದ ಓದಲಾಗಿದೆಯೆಂದು ತಿಳಿಯಬೇಕು. ಆಗಲೂ ಮೂಲ ಕೆಟ್ಟಿಲ್ಲ. ಫೈಲನ್ನು ಹಾಗೆಯೇ ಉಳಿಸದೆ, ಸರಿಯಾದ ಸಂಕೇತವನ್ನು ಹೇಳಿ ಮತ್ತೆ ತೆರೆದರಾಯಿತು. ಇವಾವುವೂ ಅಲ್ಲದ ಲ್ಯಾಟಿನ್ ಗೋಜಲು ಕಂಡರೆ ಅದು ಹಳೆಯ ಫಾಂಟಿನ ಬರಹವಿರಬಹುದು. ಅದನ್ನು ಪರಿವರ್ತಕದಿಂದ ಯೂನಿಕೋಡಿಗೆ ತರಬಹುದು.

ತುಂಡಾದ ಹೆಸರು

ಈಗ ಮೊದಲಿನ ಒಗಟಿಗೆ ಬರೋಣ. ಯೂನಿಕೋಡಿನಲ್ಲಿ ‘ಮಂ’ ಎಂಬುದು ಮ ಮತ್ತು ಸೊನ್ನೆ, ‘ಗಿ’ ಎಂಬುದು ಗ ಮತ್ತು ಗುಡಿಸು; ಆದುದರಿಂದ ಏಳು ಅಕ್ಷರಗಳ ಊರಿಗೆ ಒಂಬತ್ತು ಸಂಕೇತಗಳು. ವಿಂಡೋಸು ಒಳಗೆ ಬಳಸುವ ಯುಟಿಎಫ್-16ರಲ್ಲಿ ಕನ್ನಡದ ಒಂದು ಸಂಕೇತಕ್ಕೆ ಎರಡು ಬೈಟುಗಳಂತೆ 18. ಯುಟಿಎಫ್-8ರಲ್ಲಿ ಮೂರರಂತೆ 27. ‘ಬ್ಯಾಡಗಿ’ಯನ್ನು ತೆಗೆದುಕೊಂಡರೆ ಬಾಲಕನ ಎಣಿಕೆಗೆ ಅಕ್ಷರಗಳು ಮೂರೇ, ಸಂಕೇತಗಳು ಏಳು.

ಊರಿನ ಹೆಸರಿಗೆ 20 ಬೈಟು ಸಾಕೆಂದು ಒಬ್ಬನು ಸ್ಥಳ ಬಿಟ್ಟನೆನ್ನಿ. ಇಂಗ್ಲಿಷಿನಲ್ಲಿ ಪರೀಕ್ಷಿಸಿದಾಗ ಎಲ್ಲವೂ ಸರಿಯಾಗಿರುವುದು. ಕನ್ನಡ ಬಂದೊಡನೆ ಮೊದಲ ಆರು ಸಂಕೇತಗಳು 18 ಬೈಟುಗಳಲ್ಲಿ ಕುಳಿತು, ಏಳನೆಯದಾದ ‘ಲ’ದ ಮೂರರಲ್ಲಿ ಎರಡು ಬೈಟು ಮಾತ್ರ ಹಿಡಿಸುವುವು. ಪಟ್ಟಿಯಲ್ಲಿ ‘ಕದರಮಂಡ’ ಎಂದು ಅಚ್ಚಾಗಿ, ಪಕ್ಕದಲ್ಲಿ ಮುರಿದ ಚಿಹ್ನೆಯೊಂದು ನಿಲ್ಲುವುದು. ಹೆಸರನ್ನು ಕತ್ತರಿಸಲೇಬೇಕಾದರೆ ಬಾಲಕನು ಎಣಿಸಿದಂತೆ ಅಕ್ಷರದ ಗಡಿಯಲ್ಲಿ ಕತ್ತರಿಸಬೇಕು. ಬೈಟಿನ ಗಡಿಯಲ್ಲಿ ಅಲ್ಲ, ಸಂಕೇತದ ಗಡಿಯಲ್ಲಿಯೂ ಅಲ್ಲ.

ಇದಕ್ಕಿಂತ ಅಪಾಯಕರವಾದ ಮತ್ತೊಂದು ರೂಪವಿದೆ. ಯುಟಿಎಫ್-16ರ ಇಪ್ಪತ್ತು ಸ್ಥಾನಗಳ ಪೆಟ್ಟಿಗೆಯ ಅಳತೆ ಬೈಟಿನಲ್ಲಿ 40. ‘ಸ್ಥಾನಗಳೆಷ್ಟು?’ ಎಂದು ವಿಂಡೋಸು ಕೇಳಿದಾಗ ಪ್ರೋಗ್ರಾಮು 40 ಎಂದು ಹೇಳಿಬಿಟ್ಟರೆ, ಇಲ್ಲದ ಇಪ್ಪತ್ತು ಸ್ಥಾನಗಳೂ ಇವೆಯೆಂದು ನಂಬಿ ಅದು ಪಕ್ಕದ ಜಾಗದ ಮೇಲೆ ಬರೆಯುವುದು. ಪಕ್ಕದಲ್ಲಿದ್ದುದು ದರದ ಅಂಕಿಯಾಗಿರಬಹುದು. ಪ್ರೋಗ್ರಾಮು ಆಗಲೇ ಸಾಯದೆ, ಹತ್ತು ನಿಮಿಷದ ಮೇಲೆ ಬೇರೆಲ್ಲಿಯೋ ಸಾಯುವುದೂ ಉಂಟು. ಆದುದರಿಂದ ಸತ್ತ ಸ್ಥಳದಲ್ಲಿಯೇ ಕಾರಣವನ್ನು ಹುಡುಕುವವನು ಮೋಸಹೋಗುವನು.

ಒಂದೇ ಹೆಸರು, ಎರಡು ಆಳು

ಮೂರನೆಯ ಬೇನೆ ಕಣ್ಣಿಗೆ ಕಾಣದು. ‘ಹಾವೇರಿ’ ಎಂದು ಹುಡುಕಿದರೆ ಪಟ್ಟಿಯಲ್ಲಿ ಎದುರಿಗೇ ಇರುವ ಹಾವೇರಿ ಸಿಕ್ಕುವುದಿಲ್ಲ! ‘ವೇ’ಯಲ್ಲಿಯ ಏತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ, ದೀರ್ಘ ಎಂದು ಎರಡಾಗಿಯೂ ಬರೆಯಬಹುದು. ಮೊದಲ ಬಗೆಯಲ್ಲಿ ಹಾವೇರಿಗೆ ಆರು ಸಂಕೇತಗಳು, ಎರಡನೆಯದರಲ್ಲಿ ಏಳು. ಪರದೆಯ ಮೇಲೆ ಎರಡೂ ಒಂದೇ. ಅಂಕಿಗಳನ್ನು ಹೋಲಿಸುವ ಯಂತ್ರಕ್ಕೆ ಬೇರೆ ಬೇರೆ. ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರುವ ‘ನಾರ್ಮಲೈಸೇಷನ್’ ಎಂಬ ಸಂಸ್ಕಾರ ಇದಕ್ಕೆ ಮದ್ದು; ವಿಂಡೋಸಿನಲ್ಲಿ ಅದಕ್ಕೆ ಸಿದ್ಧ ಸೇವೆಯೇ ಇದೆ.

ಆದರೆ ಈ ಮದ್ದು ಎಲ್ಲಕ್ಕೂ ಸಾಲದು. ‘ರಾಜ್‌ಕುಮಾರ್’ ಎಂದು ಒತ್ತಕ್ಷರವಾಗದಂತೆ ಬರೆಯಲು ‘ಜ್’ ಮತ್ತು ‘ಕು’ಗಳ ನಡುವೆ ಅಗಲವೇ ಇಲ್ಲದ, ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಇಡುವರು. ನಾರ್ಮಲೈಸೇಷನ್ ಅದನ್ನು ಮುಟ್ಟದು. ಬರೆಯುವಾಗ ಅದು ಬೇಕು, ಹುಡುಕುವಾಗ ಅದನ್ನು ಲೆಕ್ಕಿಸಬಾರದು. ಇಷ್ಟನ್ನು ಮರೆತರೆ ಒಬ್ಬನೇ ರೈತನು ಕಂಪ್ಯೂಟರಿನಲ್ಲಿ ಇಬ್ಬರಾಗಿ, ಮಾಲು ಒಬ್ಬನ ಖಾತೆಗೂ ಹಣ ಇನ್ನೊಬ್ಬನ ಖಾತೆಗೂ ಸೇರಬಹುದು.

ತೂಕ ಮತ್ತು ಹಣ

ಅಕ್ಷರದಲ್ಲಿ ತೊಡಕು, ಅಂಕಿಯಲ್ಲಿಯಾದರೂ ಯಂತ್ರವು ಗಟ್ಟಿಯಲ್ಲವೆ ಎಂದು ವಾಚಕರು ಕೇಳಬಹುದು. 0.1 ಕ್ವಿಂಟಾಲನ್ನು ಹತ್ತು ಸಲ ಕೂಡಿಸಿ, ಮೊತ್ತ 1 ಆಯಿತೇ ಎಂದು ಕೇಳಿದರೆ, ಸಾಮಾನ್ಯವಾಗಿ ಬಳಸುವ ‘ಡಬಲ್’ ಎಂಬ ಸಂಖ್ಯಾರೂಪದಲ್ಲಿ ‘ಇಲ್ಲ’ ಎಂಬ ಉತ್ತರ ಬರುವುದು! ದೊರೆಯುವ ಮೊತ್ತ ದಶಮಾಂಶದ ಚುಕ್ಕೆಯ ಬಳಿಕ ಹದಿನಾರು ಒಂಬತ್ತುಗಳುಳ್ಳ ಸಂಖ್ಯೆ. ಮೂರರಲ್ಲಿ ಒಂದನ್ನು ದಶಮಾಂಶದಲ್ಲಿ ಬರೆಯಹೊರಟರೆ 0.333 ಎಂದು ಮುಗಿಯದೆ ಸಾಗುವಂತೆ, ಹತ್ತರಲ್ಲಿ ಒಂದನ್ನು ಯಂತ್ರದ ದ್ವಿಮಾನದಲ್ಲಿ ಬರೆಯಹೊರಟರೆ ಅದೂ ಮುಗಿಯದು, ಎಲ್ಲಿಯಾದರೂ ಕತ್ತರಿಸಲೇಬೇಕು. ಹಣವನ್ನು ಪೈಸೆಯಲ್ಲಿಯೂ ತೂಕವನ್ನು ಗ್ರಾಮಿನಲ್ಲಿಯೂ ಪೂರ್ಣಾಂಕವಾಗಿ ಇಡುವುದು, ಇಲ್ಲವೆ ದಶಮಾಂಶಕ್ಕೆಂದೇ ಮಾಡಿದ ಸಂಖ್ಯಾರೂಪವನ್ನು ಬಳಸುವುದು ಇದಕ್ಕೆ ಪರಿಹಾರ.

ಆದರೆ ಮದ್ದಿನಿಂದಲೂ ರೋಗ ಬರಬಹುದು. 32 ಬಿಟ್ಟಿನ ಪೂರ್ಣಾಂಕದಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2,14,74,83,647. ಇದನ್ನು ಪೈಸೆಯೆಂದೆಣಿಸಿದರೆ ಸುಮಾರು 2 ಕೋಟಿ 14 ಲಕ್ಷ ರೂಪಾಯಿ. ದೊಡ್ಡ ಪೇಟೆಯ ವಹಿವಾಟು ಈ ಗಡಿಯನ್ನು ದಾಟಿದೊಡನೆ ಅನೇಕ ಪ್ರೋಗ್ರಾಮು ಭಾಷೆಗಳಲ್ಲಿ ಮೊತ್ತವು ಎಚ್ಚರಿಕೆಯ ಸೊಲ್ಲಿಲ್ಲದೆ ಋಣಸಂಖ್ಯೆಯಾಗುವುದು. 64 ಬಿಟ್ಟಿನ ಪೂರ್ಣಾಂಕವನ್ನು ಬಳಸಿದರೆ ಈ ಭಯವಿಲ್ಲ.

ಮಾತಾಡದ ಕಿಟಕಿ

ಐದನೆಯದು ಎಲ್ಲರೂ ಕಂಡಿರುವ ಬೇನೆ. ಗುಂಡಿಯನ್ನು ಒತ್ತಿದೊಡನೆ ಕಿಟಕಿಯು ಬಿಳಚಿಕೊಂಡು, ‘ಪ್ರತಿಕ್ರಿಯಿಸುತ್ತಿಲ್ಲ’ ಎಂಬ ಮಾತು ಮೇಲೆ ಮೂಡುವುದು. ವಿಂಡೋಸಿನ ಪ್ರೋಗ್ರಾಮು ಕಿಟಕಿಯ ಬಳಿ ಕುಳಿತ ಗುಮಾಸ್ತನಂತೆ. ಗುಂಡಿಯ ಒತ್ತು, ಇಲಿಯ ಚಲನೆ, ‘ಚಿತ್ರವನ್ನು ಮತ್ತೆ ಬರೆ’ ಎಂಬ ಆಜ್ಞೆ ಇವೆಲ್ಲ ಸರದಿಯಲ್ಲಿ ಚೀಟಿಗಳಾಗಿ ಬರುವುವು; ಅವನು ಒಂದೊಂದನ್ನೇ ತೆಗೆದು ನೋಡಬೇಕು. ಆ ಗುಮಾಸ್ತನೇ ಎದ್ದುಹೋಗಿ ವರ್ಷದ ಲೆಕ್ಕವನ್ನೆಲ್ಲ ಕೂಡಿಸತೊಡಗಿದರೆ ಸರದಿ ನಿಲ್ಲುವುದು. ಐದು ಸೆಕೆಂಡುಗಳ ಕಾಲ ಚೀಟಿಯನ್ನು ತೆಗೆಯದಿದ್ದರೆ ಆ ಕಿಟಕಿ ತೂಗುಬಿದ್ದಿತೆಂದು ವಿಂಡೋಸು ಎಣಿಸುವುದು. ದೀರ್ಘವಾದ ಕೆಲಸವನ್ನು ಹಿಂದಿನ ಕೋಣೆಯ ಮತ್ತೊಬ್ಬ ಆಳಿಗೆ, ಎಂದರೆ ಬೇರೊಂದು ‘ಥ್ರೆಡ್ಡಿಗೆ’, ಒಪ್ಪಿಸಬೇಕು. ಆದರೆ ಆ ಆಳು ತಾನೇ ಬಂದು ಕಿಟಕಿಯನ್ನು ಮುಟ್ಟಕೂಡದು. ಫಲಿತಾಂಶವನ್ನು ಚೀಟಿಯಲ್ಲಿ ಬರೆದು ಗುಮಾಸ್ತನಿಗೆ ಕೊಡಬೇಕು.

ಹುಡುಕುವ ಕ್ರಮ

ರೋಗಗಳು ಇನ್ನೂ ನೂರಾರಿವೆ. ಹುಡುಕುವ ಕ್ರಮ ಮಾತ್ರ ಒಂದೇ. ಮೊದಲು ತಪ್ಪನ್ನು ಬೇಕೆಂದಾಗ ಬರಿಸುವಂತಿರಬೇಕು. ಬರಿಸಲಾರದ ತಪ್ಪು ಹೋಯಿತೆಂದು ಹೇಳಲೂ ಬಾರದು. ಬಳಿಕ ಅದನ್ನು ಕಿರಿದುಗೊಳಿಸಬೇಕು. ಸಾವಿರ ಹೆಸರುಗಳ ಪಟ್ಟಿಯಲ್ಲಿ ಯಾವುದೋ ಒಂದು ಪ್ರೋಗ್ರಾಮನ್ನು ಕೊಲ್ಲುತ್ತಿದ್ದರೆ, ಅರ್ಧ ಪಟ್ಟಿಯನ್ನು ಮಾತ್ರ ಕೊಟ್ಟು ನೋಡಿ. ಸತ್ತರೆ ತಪ್ಪು ಆ ಅರ್ಧದಲ್ಲಿದೆ, ಬದುಕಿದರೆ ಉಳಿದರ್ಧದಲ್ಲಿದೆ. ಹೀಗೆ ಅರ್ಧಿಸುತ್ತ ಹೋದರೆ ಹೆಚ್ಚೆಂದರೆ ಹತ್ತನೆಯ ಸಲಕ್ಕೆ ಆ ಒಂದು ಹೆಸರು ಕೈಗೆ ಸಿಕ್ಕುವುದು. ಪರದೆಯ ಮೇಲಿನ ರೂಪವನ್ನು ನಂಬದೆ ಒಳಗಿನ ಅಂಕಿಗಳನ್ನು ತೆಗೆದು ನೋಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ನಮ್ಮ ಅನುಭವದಲ್ಲಿ, ಅವಸರದಿಂದ ಮೂರನ್ನು ಒಮ್ಮೆಗೇ ಬದಲಿಸಿ, ಯಾವುದರಿಂದ ಗುಣವಾಯಿತೆಂದು ತಿಳಿಯದೆ, ಮರುವಾರ ಅದೇ ಬೇನೆಯನ್ನು ಮತ್ತೆ ಎದುರಿಸಿದುದುಂಟು.

ಕದರಮಂಡಲಗಿಯ ಕಾಂತೇಶ, ಶಿಕಾರಿಪುರದ ಭ್ರಾಂತೇಶ, ಸಾತೇನಹಳ್ಳಿಯ ಶಾಂತೇಶ ಈ ಮೂರು ಆಂಜನೇಯರನ್ನು ಒಂದೇ ದಿನ ದರ್ಶಿಸಿದರೆ ಪುಣ್ಯವೆಂದು ಭಕ್ತರ ನಂಬಿಕೆ. ಪ್ರೋಗ್ರಾಮು ಬರೆಯುವವನಿಗೂ ಭ್ರಾಂತಿಯನ್ನು ಹಾದೇ ಶಾಂತಿಗೆ ದಾರಿ. ಅವನಿಗೆ ಒಂದು ದಿನ ಸಾಲದೆಹೋಗಬಹುದು, ಅಷ್ಟೆ. ಹೊಸ ಪ್ರೋಗ್ರಾಮೊಂದನ್ನು ಬರೆದವರು ಅದನ್ನು ಪೇಟೆಗೆ ಕಳುಹುವ ಮುನ್ನ ‘ಕದರಮಂಡಲಗಿ’, ‘ಬ್ಯಾಡಗಿ’, ‘ಹಾವೇರಿ’ ಎಂಬ ಈ ಮೂರು ಹೆಸರುಗಳನ್ನು ಅದರಲ್ಲಿ ಬರೆದು, ಉಳಿಸಿ, ಹುಡುಕಿ, ಅಚ್ಚುಮಾಡಿ ನೋಡಲಿ. ಮೂರೂ ಇದ್ದಂತೆಯೇ ಹಿಂದಿರುಗಿದರೆ ಹತ್ತು ಚೀಲ ತಂದ ರೈತನ ಹೆಸರೂ ಪಟ್ಟಿಯಲ್ಲಿ ನೆಟ್ಟಗೆ ಮೂಡುವುದೆಂದು ಬಹುಮಟ್ಟಿಗೆ ನಂಬಬಹುದು.