ಬೆನ್ನಿನ ಮೇಲಣ ವಿದ್ಯುತ್ತು, ಕಾಲೊಳಗಣ ನಿಲುವು

ನೋವಿನ ಶಮನಕ್ಕೆಂದು ಹುಟ್ಟಿದ ಚಿಕಿತ್ಸೆಯೊಂದು, ಅರ್ಧ ಶತಮಾನದ ಅವಧಿಯಲ್ಲಿ, ಕಾಲುಗಳ ಸ್ವಾಧೀನ ತಪ್ಪಿದವರನ್ನು ಎಬ್ಬಿಸಿ ನಿಲ್ಲಿಸುವ ಸಾಹಸಕ್ಕೆ ದಾರಿಯಾದುದು ವೈದ್ಯವಿಜ್ಞಾನದ ಚರಿತ್ರೆಯಲ್ಲಿ ಬಹು ಕುತೂಹಲಕರವಾದ ಪ್ರಕರಣ. ನೋವಿನ ಸಂದೇಶವು ಮಿದುಳನ್ನು ಸೇರುವ ಮುನ್ನ ಬೆನ್ನುಹುರಿಯಲ್ಲಿ ಒಂದು ದ್ವಾರವನ್ನು ಹಾಯಬೇಕೆಂದೂ, ಸ್ಪರ್ಶವಾಹಕ ನರತಂತುಗಳನ್ನು ಉದ್ದೀಪಿಸಿದರೆ ಆ ದ್ವಾರವು ಮುಚ್ಚಿಕೊಳ್ಳುವುದೆಂದೂ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ಪ್ರತಿಪಾದಿಸಿದರು. ಎರಡು ವರ್ಷಗಳ ತರುವಾಯ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ನಾರ್ಮನ್ ಷೀಲಿ ಎಂಬ ಶಸ್ತ್ರವೈದ್ಯರು, ಕ್ಯಾನ್ಸರಿನ ವೇದನೆಯಿಂದ ನರಳುತ್ತಿದ್ದ ರೋಗಿಯೊಬ್ಬರ ಬೆನ್ನಿನೊಳಗೆ ಎಲೆಕ್ಟ್ರೋಡನ್ನು ಹುದುಗಿಸಿ ಆ ತತ್ತ್ವವನ್ನು ಪ್ರಯೋಗಕ್ಕೆ ತಂದರು. ನಿರೀಕ್ಷಿಸದ ಫಲವು ಕಂಡುಬಂದುದು 1973ರಲ್ಲಿ: ಮಲ್ಟಿಪಲ್ ಸ್ಕ್ಲೆರೋಸಿಸ್ ವ್ಯಾಧಿಯುಳ್ಳ ರೋಗಿಗೆ ನೋವಿಗಾಗಿ ವಿದ್ಯುತ್ ಹಾಯಿಸಿದಾಗ ಅಂಗಚಲನೆಯೂ ಸುಧಾರಿಸಿತೆಂದು ಕುಕ್ ಮತ್ತು ವೈನ್‌ಸ್ಟೈನ್ ವರದಿ ಮಾಡಿದರು.

ಇದು ಹೇಗೆ ಸಾಧ್ಯವಾಯಿತೆಂಬುದನ್ನು ಅರಿಯಬೇಕಾದರೆ ನಿಲ್ಲುವ ಕ್ರಿಯೆಯ ಕಡೆಗೆ ಗಮನ ಹರಿಸಬೇಕು. ನಿಶ್ಚಲವಾಗಿ ನಿಂತಂತೆ ತೋರುವ ದೇಹವು ವಾಸ್ತವದಲ್ಲಿ ಸದಾ ಸೂಕ್ಷ್ಮವಾಗಿ ತೂಗುತ್ತಲೇ ಇರುತ್ತದೆ. ಕಣ್ಣು, ಒಳಗಿವಿ, ಅಂಗಾಲು, ಸ್ನಾಯು, ಕೀಲುಗಳು ಕಳುಹಿಸುವ ಸುದ್ದಿಯನ್ನು ಆಧರಿಸಿ ನರಮಂಡಲವು ಕ್ಷಣಕ್ಷಣವೂ ಅದನ್ನು ತಿದ್ದುತ್ತದೆ. ಈ ಕಾರ್ಯದಲ್ಲಿ ಬೆನ್ನುಹುರಿಯು ಮಿದುಳಿನ ಆಜ್ಞೆಯನ್ನು ಹೊರುವ ಹಾದಿ ಮಾತ್ರವಲ್ಲ. ಹೆಜ್ಜೆಯ ಲಯವನ್ನು ತಾನೇ ಹೊಮ್ಮಿಸುವ ಸ್ವಂತ ಸಾಮರ್ಥ್ಯವೊಂದು ಅದಕ್ಕೆ ಉಂಟೆಂಬುದನ್ನು ಗ್ರಹಾಂ ಬ್ರೌನ್ ಎಂಬ ವಿಜ್ಞಾನಿಗಳು 1911ರಷ್ಟು ಹಿಂದೆಯೇ ಬೆಕ್ಕುಗಳಲ್ಲಿ ತೋರಿಸಿದ್ದರು. ಪೆಟ್ಟು ಬಿದ್ದಾಗ ಮೇಲಿನ ಸಂಪರ್ಕ ಕಡಿದುಹೋದರೂ ಕೆಳಗಿನ ನರಜಾಲವು ನಾಶವಾಗದೆ, ಎಚ್ಚರಿಸುವವರಿಲ್ಲದೆ ಸುಪ್ತವಾಗಿ ಉಳಿದಿರುವುದುಂಟು.

ವಿಯೆನ್ನಾದ ಡಿಮಿಟ್ರಿಯೆವಿಚ್ ಮತ್ತು ಅವರ ಸಹೋದ್ಯೋಗಿಗಳು ಮಾನವರಲ್ಲಿ ಈ ಸುಪ್ತಶಕ್ತಿಯ ಸಾಕ್ಷ್ಯವನ್ನು 1998ರಲ್ಲಿ ಒದಗಿಸಿದರು. ಅಲ್ಲಿಯೇ ಮುಂದೆ ತಿಳಿದುಬಂದ ಸಂಗತಿ ನನಗೆ ಅತ್ಯಂತ ಸೋಜಿಗದ್ದೆನಿಸುತ್ತದೆ: ಸೆಕೆಂಡಿಗೆ 5ರಿಂದ 15 ಮಿಡಿತಗಳ ವಿದ್ಯುತ್ತು ಕಾಲನ್ನು ನಿಲುವಿಗೆ ತಕ್ಕಂತೆ ನೀಡಿಸಿದರೆ, 25ರಿಂದ 50ರಷ್ಟು ವೇಗದ ಮಿಡಿತವು ಅದೇ ಕಾಲನ್ನು ಹೆಜ್ಜೆಯಿಡುವಂತೆ ಆಡಿಸಿತು. ಅಮೆರಿಕದ ಲೂಯಿವಿಲ್‌ನ ಸೂಸನ್ ಹಾರ್ಕೆಮಾ ಮತ್ತು ಸಂಗಡಿಗರು, ಕಾಲುಗಳ ಸ್ವಾಧೀನ ತಪ್ಪಿ, ಬೆನ್ನಿನೊಳಗೆ ಎಲೆಕ್ಟ್ರೋಡುಗಳನ್ನು ಹುದುಗಿಸಿಕೊಂಡ ತರುಣನೊಬ್ಬನು ತನ್ನ ಭಾರವನ್ನು ತಾನೇ ಹೊತ್ತು ನಿಂತುದನ್ನು 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು.

ಆದರೆ ಶಸ್ತ್ರಚಿಕಿತ್ಸೆಯ ಅಪಾಯವನ್ನೂ ವೆಚ್ಚವನ್ನೂ ಭರಿಸಬಲ್ಲವರು ಎಷ್ಟು ಮಂದಿ? ಚರ್ಮದ ಮೇಲೆ ಅಂಟಿಸಿದ ಎಲೆಕ್ಟ್ರೋಡಿನಿಂದಲೂ ಬೆನ್ನುಹುರಿಯ ಹಿಂಬದಿಯ ನರಮೂಲಗಳನ್ನು ಮುಟ್ಟಬಹುದೆಂಬುದನ್ನು 2007ರಲ್ಲಿ ವಿಯೆನ್ನಾದ ಮಿನಾಸಿಯನ್ ಬಳಗವು ತೋರಿಸಿತು. ಸೇಂಟ್ ಪೀಟರ್ಸ್‌ಬರ್ಗಿನ ಗೆರಸಿಮೆಂಕೊ ಮತ್ತು ಲಾಸ್ ಏಂಜಲೀಸಿನ ಎಡ್ಗರ್ಟನ್ ಇವರ ಬಳಗವು 10,000 ಹರ್ಟ್ಸ್ ಆವರ್ತನದ ಅಲೆಯ ಮೇಲೆ ಮಿಡಿತಗಳನ್ನೇರಿಸಿ, ಚರ್ಮವು ಸಹಿಸುವಂತೆ ವಿದ್ಯುತ್ತನ್ನು ಹಾಯಿಸುವ ಕ್ರಮವನ್ನು ಬಳಕೆಗೆ ತಂದಿತು. 2019ರಲ್ಲಿ ಡಿಮಿಟ್ರಿ ಸಯೆಂಕೊ ಮೊದಲಾದವರು ಬೆನ್ನುಹುರಿಗೆ ಪೆಟ್ಟಾದ 15 ಮಂದಿಯ ಮೇಲೆ ನಡೆಸಿದ ಅಧ್ಯಯನದಲ್ಲಿ ಇಂಥ ಪ್ರಚೋದನೆಯ ಬಲದಿಂದ ಅವರು ಅಲ್ಪ ನೆರವಿನೊಡನೆ, ಕೆಲವರು ಮಂಡಿಗೂ ಸೊಂಟಕ್ಕೂ ಪರರ ಆಸರೆಯಿಲ್ಲದೆ, ಕೈಯಿಂದ ಕಂಬಿ ಹಿಡಿದು ನಿಲ್ಲಬಲ್ಲವರಾದರು. ಕುಳಿತಾಗ ಮುಂಡದ ಸಮತೋಲವೂ ಇದರಿಂದ ಸುಧಾರಿಸುವುದೆಂದು ಅದೇ ಪಂಥದ ಅಧ್ಯಯನಗಳು ತಿಳಿಸುತ್ತವೆ. ಗಾಲಿಕುರ್ಚಿಯಲ್ಲಿ ದಿನವೆಲ್ಲ ಕಳೆಯುವವರಿಗೆ, ಮುಂದಕ್ಕೆ ಬಾಗಿ ಒಂದು ಲೋಟವನ್ನು ಬೀಳದೆ ಎತ್ತಿಕೊಳ್ಳುವುದು ನಿಂತುಕೊಳ್ಳುವುದಕ್ಕಿಂತ ಕಡಿಮೆಯ ಲಾಭವೆಂದು ಯಾರೂ ಭಾವಿಸಬಾರದು.

ಇಲ್ಲಿ ವಿದ್ಯುತ್ತು ಸ್ನಾಯುವಿಗೆ ಅಪ್ಪಣೆ ಕೊಡುವುದಿಲ್ಲ; ಅಂಗಾಲಿನಿಂದಲೂ ಕೀಲಿನಿಂದಲೂ ಬರುವ ಸುದ್ದಿಗೆ ನರಜಾಲವು ಓಗೊಡುವಷ್ಟು ಅದನ್ನು ಎಚ್ಚರಿಸುತ್ತದೆ. ಆದುದರಿಂದಲೇ ಅಭ್ಯಾಸವಿಲ್ಲದ ಪ್ರಚೋದನೆ ಅರೆಚಿಕಿತ್ಸೆ. ಪ್ರಯೋಗಕ್ಕೊಳಗಾದವರ ಸಂಖ್ಯೆ ಇನ್ನೂ ಸಣ್ಣದು, ಫಲವೂ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. ಇಂಥ ಪೆಟ್ಟಿಗೊಳಗಾದವರು ಮನೆಯಲ್ಲಿರುವ ಓದುಗರಲ್ಲಿ ನನ್ನ ಬಿನ್ನಹವಿಷ್ಟೆ: ಅಂಗಡಿಯಲ್ಲಿ ದೊರೆಯುವ ನೋವುನಿವಾರಕ ವಿದ್ಯುದ್ಯಂತ್ರವನ್ನು ಬೆನ್ನಿಗೆ ಕಟ್ಟಿ ಪರೀಕ್ಷಿಸದಿರಿ, ತಜ್ಞ ವೈದ್ಯರನ್ನು ವಿಚಾರಿಸಿ, ಫಿಸಿಯೋಥೆರಪಿಯ ನಿತ್ಯಾಭ್ಯಾಸವನ್ನು ಮಾತ್ರ ಎಂದೂ ಕೈಬಿಡದಿರಿ.