ಬೆಂಗಳೂರಿನ ಕಾರನ್ನು ಲಂಡನ್ ಮೆಚ್ಚಿದ್ದೇಕೆ?

ಸಂಜೆ ಹೊತ್ತು ಮಹದೇವಪುರದ ಕಡೆಯಿಂದ ಹೊರಟ ವಾಹನ ಕೆ.ಆರ್. ಪುರದ ತೂಗುಸೇತುವೆ ದಾಟಿ ಟಿನ್ ಫ್ಯಾಕ್ಟರಿ ಮುಟ್ಟುವಷ್ಟರಲ್ಲಿ ಸವಾರನ ತಾಳ್ಮೆಯ ಜೊತೆಗೆ ಪೆಟ್ರೋಲೂ ಕರಗಿರುತ್ತದೆ. ಚಕ್ರ ನಿಂತರೂ ಎಂಜಿನ್ ಇಂಧನ ಕುಡಿಯುತ್ತಲೇ ಇರುತ್ತದೆ. ಹತ್ತು ಮಾರು ಮುಂದೆ ಸರಿದು ಬ್ರೇಕ್ ಒತ್ತಿದರೆ, ಆ ಓಟಕ್ಕೆ ವ್ಯಯವಾದ ಶಕ್ತಿ ಬ್ರೇಕಿನ ಬಿಸಿಯಾಗಿ ಗಾಳಿಗೆ ಸೇರುತ್ತದೆ. 2021ರ ಜೂನ್‌ನಲ್ಲಿ ಬೆಂಗಳೂರಿನ ಪೆಟ್ರೋಲ್ ಬೆಲೆ ಲೀಟರಿಗೆ ನೂರು ರೂಪಾಯಿ ದಾಟಿದ ಮೇಲಂತೂ ಈ ನಷ್ಟ ತಿಂಗಳ ಸಂಬಳದಲ್ಲೇ ಕಾಣಿಸತೊಡಗಿತು.

ಇಂಥ ರಸ್ತೆಗೆಂದೇ ಹೇಳಿ ಮಾಡಿಸಿದಂತಿದ್ದ ಕಾರೊಂದು 2001ರಲ್ಲೇ ಇದೇ ಊರಿನ ಇನ್ನೊಂದು ಮೂಲೆಯಾದ ಬೊಮ್ಮಸಂದ್ರದಲ್ಲಿ ತಯಾರಾಗಿತ್ತು. ಹೆಸರು ರೇವಾ. ಬೆಂಗಳೂರಿನ ಮೈನಿ ಸಮೂಹ ಅಮೆರಿಕದ ಅಮೆರಿಗಾನ್ ಕಂಪನಿಯ ಜೊತೆಗೂಡಿ 1994ರಲ್ಲಿ ಇದಕ್ಕೆ ಅಡಿಪಾಯ ಹಾಕಿತು. ಇದರ ರೂವಾರಿ ಚೇತನ್ ಮೈನಿ, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗಲೇ ಸೌರಶಕ್ತಿಯ ಕಾರು ಕಟ್ಟಿದ ತಂಡದಲ್ಲಿದ್ದವರು.

ರೇವಾದ ಒಳಗಿನ ವ್ಯವಸ್ಥೆ ಸರಳ. ಸೀಟಿನ ಕೆಳಗೆ ತಲಾ 6 ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳು. ಒಟ್ಟು 48 ವೋಲ್ಟ್. ಮನೆಯ 15 ಆಂಪ್ ಸಾಕೆಟ್ಟಿಗೆ ಎಂಟು ಗಂಟೆ ಸಿಕ್ಕಿಸಿಟ್ಟರೆ ಸುಮಾರು ಹತ್ತು ಯೂನಿಟ್ ವಿದ್ಯುತ್ತಿನಲ್ಲಿ 80 ಕಿಲೋಮೀಟರ್ ಓಟ ಎಂಬುದು ಕಂಪನಿಯ ಲೆಕ್ಕ. ಕಾರು ನಿಂತಾಗ ಮೋಟರೂ ನಿಲ್ಲುತ್ತದೆ. ವೇಗ ತಗ್ಗಿಸುವಾಗ ಚಕ್ರಗಳೇ ಮೋಟರನ್ನು ತಿರುಗಿಸುತ್ತವೆ, ಆಗ ಮೋಟರು ಸೈಕಲ್ಲಿನ ಡೈನಮೊ ಆಗುತ್ತದೆ; ಶಕ್ತಿಯ ಒಂದು ಪಾಲು ಬ್ಯಾಟರಿಗೆ ಮರಳುತ್ತದೆ. ನಿಂತು ನಿಂತು ಸಾಗುವ ರಸ್ತೆಯಲ್ಲಿ ಪೆಟ್ರೋಲ್ ಕಾರು ಸೋಲುವುದೂ ವಿದ್ಯುತ್ ಕಾರು ಗೆಲ್ಲುವುದೂ ಇದೇ ಕಾರಣಕ್ಕೆ.

ಆದರೂ ಊರಿನವರು ಅದನ್ನು ಕೈಹಿಡಿಯಲಿಲ್ಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಮುಂದೆ ಇಬ್ಬರು, ಹಿಂದೆ ಎರಡು ಮಕ್ಕಳು ಕೂರುವಷ್ಟೇ ಜಾಗ. ಅಜ್ಜಿಯನ್ನು ಎಲ್ಲಿ ಕೂರಿಸುವುದು? ಹೆಚ್ಚುಕಡಿಮೆ ಅಷ್ಟೇ ಹಣಕ್ಕೆ ಇಡೀ ಸಂಸಾರ ಹಿಡಿಸುವ ಪೆಟ್ರೋಲ್ ಕಾರು ಸಿಗುತ್ತಿತ್ತು. ಕೆಲವು ವರ್ಷಗಳಿಗೊಮ್ಮೆ ಬ್ಯಾಟರಿ ಬದಲಿಸುವ ಖರ್ಚು ಬೇರೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಸಾಕೆಟ್ಟೇ ಇರುತ್ತಿರಲಿಲ್ಲ.

ಅದೇ ಕಾರು 2004ರಲ್ಲಿ ‘ಜಿ-ವಿಜ್’ ಎಂಬ ಹೆಸರು ಹೊತ್ತು ಲಂಡನ್ನಿಗೆ ಹೋಯಿತು. ಅಲ್ಲಿ ಸಾವಿರಕ್ಕೂ ಹೆಚ್ಚು ಓಡಾಡಿದವು. ಆಂಗ್ಲರಿಗೆ ಪರಿಸರದ ಮೇಲೆ ಒಮ್ಮೆಲೇ ಪ್ರೀತಿ ಉಕ್ಕಿತು ಎಂದುಕೊಳ್ಳಬೇಕಿಲ್ಲ. 2003ರ ಫೆಬ್ರುವರಿ 17ರಿಂದ ಲಂಡನ್ನಿನ ನಡುಭಾಗಕ್ಕೆ ಕಾರು ತರುವವರು ದಿನಕ್ಕೆ 5 ಪೌಂಡ್ ದಟ್ಟಣೆ ಶುಲ್ಕ ತೆರಬೇಕಿತ್ತು. 2005ರಲ್ಲಿ ಅದು 8 ಪೌಂಡ್ ಆಯಿತು. ವಿದ್ಯುತ್ ಕಾರಿಗೆ ಮಾತ್ರ ವಿನಾಯಿತಿ. ದಿನವೂ ಕಚೇರಿಗೆ ಕಾರಿನಲ್ಲೇ ಹೋಗುವವನಿಗೆ ವರ್ಷಕ್ಕೆ ಸಾವಿರಾರು ಪೌಂಡ್ ಉಳಿತಾಯ. ಬೆಂಗಳೂರಿನಲ್ಲಿ ‘ಪುಟ್ಟದು’ ಎನಿಸಿಕೊಂಡ ಕಾರು ಅಲ್ಲಿ ‘ಅಗ್ಗದ್ದು’ ಎನಿಸಿಕೊಂಡಿತು.

ಬೈಗುಳವೂ ಕಡಿಮೆ ಬೀಳಲಿಲ್ಲ. ಯುರೋಪಿನ ನಿಯಮದಲ್ಲಿ ಅದು ಕಾರೇ ಅಲ್ಲ, ‘ಕ್ವಾಡ್ರಿಸೈಕಲ್’. ಕಾರಿಗಿರುವ ಡಿಕ್ಕಿ ಪರೀಕ್ಷೆ ಅದಕ್ಕೆ ಕಡ್ಡಾಯವಿರಲಿಲ್ಲ. 2007ರಲ್ಲಿ ‘ಟಾಪ್ ಗೇರ್’ ಪತ್ರಿಕೆ ತಾನೇ ಅದನ್ನು ಡಿಕ್ಕಿ ಹೊಡೆಸಿ ನೋಡಿದಾಗ ಬಂದ ಫಲಿತಾಂಶ ಭಯ ಹುಟ್ಟಿಸುವಂತಿತ್ತು. ಈ ಆಕ್ಷೇಪ ಬರಿಯ ಗೇಲಿಯಲ್ಲ. ಹಣ ಉಳಿಸಲು ಹೋಗಿ ಜೀವವನ್ನು ಪಣಕ್ಕಿಡುವುದು ಯಾವ ಜಾಣತನ? ಮುಂದಿನ ಮಾದರಿಗಳಲ್ಲಿ ಡಿಸ್ಕ್ ಬ್ರೇಕ್ ಬಂತು, 2009ರಲ್ಲಿ ಲಿಥಿಯಂ ಬ್ಯಾಟರಿಯೂ ಬಂತು. 2010ರಲ್ಲಿ ಕಂಪನಿ ಮಹೀಂದ್ರದ ಪಾಲಾಯಿತು.

ಹಸಿರು ಎಂಬ ಮಾತಿಗೂ ಒಂದು ಟಿಪ್ಪಣಿ ಬೇಕು. ಪ್ಲಗ್ಗಿನ ಆಚೆ ತುದಿಯಲ್ಲಿ ಶರಾವತಿಯ ನೀರಿದೆ, ಪಾವಗಡದ ಬಿಸಿಲಿದೆ, ರಾಯಚೂರಿನ ಕಲ್ಲಿದ್ದಲಿನ ಹೊಗೆಯೂ ಇದೆ. ಆ ಹೊಗೆ ಟಿನ್ ಫ್ಯಾಕ್ಟರಿಯ ಸಿಗ್ನಲ್ಲಿನಲ್ಲಿ ನಿಂತ ಪೊಲೀಸಿನವನ ಮೂಗಿಗೆ ಬಡಿಯುವುದಿಲ್ಲ, ಅಷ್ಟೆ.

ವಿದ್ಯುತ್ ವಾಹನ ಮಹದೇವಪುರದ ಹತ್ತಿರಕ್ಕೆ ಬಂದದ್ದು ಸ್ಕೂಟರಿನ ರೂಪದಲ್ಲಿ. 2018ರಲ್ಲಿ ಏಥರ್ ಕಂಪನಿ ವೈಟ್‌ಫೀಲ್ಡಿನ ಕಾರ್ಖಾನೆಯಿಂದ ಮೊದಲ ಸ್ಕೂಟರುಗಳನ್ನು ಬೀದಿಗಿಳಿಸಿತು. ಬೇಡಿಕೆ ಬೆಳೆದಂತೆ ತಯಾರಿಕೆ ಗಡಿಯಾಚೆಯ ಹೊಸೂರಿಗೆ ಹೋಯಿತು. ಇತ್ತ ವಿದ್ಯುತ್ ವಾಹನಗಳಿಗೆಂದೇ ನೀತಿಯೊಂದನ್ನು ಕರ್ನಾಟಕ 2017ರಲ್ಲೇ, ದೇಶದಲ್ಲೇ ಮೊದಲಿಗೆ, ಹೊರಡಿಸಿತ್ತು.

ಲಂಡನ್ ತಾನು ಕೊಟ್ಟಿದ್ದ ಪೂರ್ಣ ವಿನಾಯಿತಿಯನ್ನು 2025ರ ಕೊನೆಗೆ ಹಿಂತೆಗೆದುಕೊಂಡಿತು; ವಿದ್ಯುತ್ ಕಾರುಗಳೇ ದಟ್ಟಣೆಯಾಗಿದ್ದವು. ಅದೇ ವರ್ಷ ಇಲ್ಲಿಯ ಹೊರವರ್ತುಲ ರಸ್ತೆಯಲ್ಲಿ ಒಬ್ಬರೇ ಕಾರಿನಲ್ಲಿ ಹೋಗುವವರಿಗೆ ಶುಲ್ಕ ವಿಧಿಸುವ ಸಲಹೆ ಸುದ್ದಿಯಾಯಿತು. ಲಂಡನ್ನಿನಲ್ಲಿ ಶುಲ್ಕ ಜಾರಿಯಾದಾಗ ಅದರ ಜೊತೆಗೇ ಹೆಚ್ಚುವರಿ ಬಸ್ಸುಗಳೂ ಬೀದಿಗಿಳಿದಿದ್ದವು. ಹೊರವರ್ತುಲ ರಸ್ತೆಯ ಮೆಟ್ರೊ ಮಾರ್ಗಕ್ಕೆ ಆಗಿನ್ನೂ ರೈಲು ಬಂದಿರಲಿಲ್ಲ.