ಡೌಟ್ ಬೇರೆ, ಕ್ವೆಶ್ಚನ್ ಬೇರೆ: ಆಫೀಸ್ ಇಂಗ್ಲಿಷಿನಲ್ಲಿ ಪದ ಆರಿಸೋದು

ಈ ವಾರದ ಮಾತಿನ ಬರಹರೂಪ ಇದು. ವಿಡಿಯೋದಲ್ಲಿ ಗಡಿಬಿಡಿಯಲ್ಲಿ ಹಾರಿಸಿಬಿಟ್ಟ ಕೆಲವು ಉದಾಹರಣೆಗಳನ್ನು ಇಲ್ಲಿ ಸೇರಿಸಿದ್ದೀನಿ.

ಐರೋಲಿ, ಮಹಾಪೆ, ಘನ್ಸೋಲಿ ಕಡೆ ಕೆಲಸ ಮಾಡುವ ನಮ್ಮವರಿಂದ ಪದೇಪದೇ ಬರುವ ಪ್ರಶ್ನೆ ಒಂದಿದೆ. ಇಂಗ್ಲಿಷಿನಲ್ಲಿ ಒಂದೇ ಅರ್ಥಕ್ಕೆ ನಾಲ್ಕು ಪದ ಇರುತ್ತವಲ್ಲ, ಯಾವುದನ್ನು ಹಾಕೋದು? ವ್ಯಾಕರಣ ಸರಿ ಇರುತ್ತೆ, ಸ್ಪೆಲಿಂಗ್ ಸರಿ ಇರುತ್ತೆ, ಆದರೂ ಮೇಲ್ ಓದಿದವರು ಮುಖ ಗಂಟು ಹಾಕ್ಕೋತಾರೆ.

ಡೊಂಬಿವಲಿಯಲ್ಲಿ ರೂಮು ಮಾಡಿಕೊಂಡಿರುವ ವಿಜಯಪುರದ ಹುಡುಗನೊಬ್ಬ ನನಗೆ ಪರಿಚಯ. ಅಮೆರಿಕದ ಕ್ಲೈಂಟಿಗೆ ‘ನಿಮ್ಮ ಡಿಸೈನ್ ಬಗ್ಗೆ ನನಗೊಂದು ಡೌಟ್ ಇದೆ’ ಅಂತ ಇಂಗ್ಲಿಷಿನಲ್ಲಿ ಬರೆದಿದ್ದ. ಅವನಿಗೆ ಬೇಕಾಗಿದ್ದು ಒಂದು ಫೀಲ್ಡ್ ಖಾಲಿ ಬಂದರೆ ಏನು ಮಾಡಬೇಕು ಅನ್ನೋ ವಿವರ, ಅಷ್ಟೇ. ಬಂದದ್ದು ಎರಡು ಪುಟದ ಸಮರ್ಥನೆ. ಆ ಡಿಸೈನ್ ಯಾಕೆ ಸರಿ, ಯಾರು ಯಾರು ಒಪ್ಪಿದ್ದಾರೆ, ಎಲ್ಲಾ. ವರ್ಷದ ಕೊನೆಗೆ ಅವನ ಅಪ್ರೈಸಲ್‌ನಲ್ಲಿ ‘ಕ್ಲೈಂಟ್ ಜೊತೆ ವಾದಕ್ಕಿಳಿಯುವ ಸ್ವಭಾವ’ ಅನ್ನೋ ಸಾಲು ಸೇರಿತ್ತು. ಆ ಹುಡುಗನಷ್ಟು ಮೆತ್ತಗೆ ಮಾತಾಡೋರನ್ನ ನಾನು ಕಂಡಿಲ್ಲ.

ಆದದ್ದು ಏನು? ನಮ್ಮ ಶಾಲೆಗಳಲ್ಲಿ ಮೇಷ್ಟ್ರು ಪಾಠ ಮುಗಿಸಿ ‘ಡೌಟ್ ಇದ್ರೆ ಕೇಳ್ರಿ’ ಅಂತಾರೆ. ಅರ್ಥವಾಗದೇ ಇದ್ದರೂ ನಮಗೆ ಡೌಟು, ನಂಬಿಕೆ ಬರದೇ ಇದ್ದರೂ ಡೌಟು. ಕನ್ನಡದ ‘ಸಂಶಯ’ ಎರಡಕ್ಕೂ ಆಗುತ್ತೆ. ಅಮೆರಿಕದವರ ಡೌಟ್ ಎರಡನೆಯದು ಮಾತ್ರ: ‘ನೀವು ಹೇಳ್ತಿರೋದು ನಿಜ ಅನ್ನಿಸ್ತಿಲ್ಲ’. ಮೊದಲನೆಯದಕ್ಕೆ ಅವರ ಪದ ಕ್ವೆಶ್ಚನ್.

ಠಾಣೆ, ಕಲ್ಯಾಣದ ಕಡೆ ಇರೋ ನಮಗೆ ಇದನ್ನು ವಿವರಿಸೋದು ಬೆಂಗಳೂರಿನವರಿಗಿಂತ ಸುಲಭ. ಪಕ್ಕದ ಮನೆಯ ಮರಾಠಿ ಕಾಕು ‘ಅವಘಡ್ ಆಹೇ’ ಅಂದಾಗ ಹೊಸದಾಗಿ ಬಂದ ಕನ್ನಡಿಗ ಏನೋ ಅಪಘಾತ ಆಯ್ತು ಅಂತ ಓಡ್ತಾನೆ. ಆಕೆ ಹೇಳಿದ್ದು ‘ಕಷ್ಟ ಇದೆ’ ಅಂತ ಮಾತ್ರ. ‘ಸವಾಲ್’ ಅಂದರೆ ಹಿಂದಿಯಲ್ಲಿ ಪ್ರಶ್ನೆ, ನಮಗೆ ಚಾಲೆಂಜ್. ಹಿಂದಿಯಲ್ಲಿ ಹವಾಮಾನದ ‘ಅನುಮಾನ್’ ಅಂದರೆ ಮುನ್ಸೂಚನೆ. ಮೋಡದ ಮೇಲೆ ಯಾರಿಗೂ ಗುಮಾನಿ ಬಂದಿರಲ್ಲ. ಪದ ಒಂದೇ, ಬೇಲಿ ಬೇರೆ ಬೇರೆ ಕಡೆ. ನಮ್ಮ ಡೌಟು ಮತ್ತು ಅವರ ಡೌಟು ಕೂಡ ಹಾಗೇ.

ಇನ್ನು ಇಂಗ್ಲಿಷಿಗೆ ಇಷ್ಟೊಂದು ಸಮಾನಾರ್ಥಕ ಪದಗಳು ಎಲ್ಲಿಂದ ಬಂದವು? 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದರು. ಅರಮನೆ, ಕೋರ್ಟಿಗೆ ಫ್ರೆಂಚ್ ಬಂತು, ಹೊಲಮನೆಯಲ್ಲಿ ಹಳೆಯ ಇಂಗ್ಲಿಷ್ ಉಳೀತು, ಚರ್ಚು ಮತ್ತು ವಿದ್ವಾಂಸರ ಲ್ಯಾಟಿನ್ ಮೇಲಿನಿಂದ ಸುರೀತು. ಆಸ್ಕ್ ಹಳೆಯ ಇಂಗ್ಲಿಷು, ಕ್ವೆಶ್ಚನ್ ಫ್ರೆಂಚ್ ದಾರಿಯಲ್ಲಿ ಬಂದದ್ದು, ಇಂಟರಾಗೇಟ್ ಲ್ಯಾಟಿನ್ನು. ಮೂರಕ್ಕೂ ‘ಕೇಳು’ ಅಂತ ಅರ್ಥ ಬರೆಯಬಹುದು. ಆದರೆ ಮೂರನೆಯದನ್ನು ಮಾಡೋರು ಪೊಲೀಸರು.

ನಮಗೆ ಇದು ಹೊಸದೇನಲ್ಲ. ಸತ್ತರು, ತೀರಿಕೊಂಡರು, ಹೋಗಿಬಿಟ್ಟರು, ನಿಧನರಾದರು, ಶಿವನ ಪಾದ ಸೇರಿದರು. ಪಕ್ಕದ ಮನೆಯ ಅಜ್ಜನ ಬಗ್ಗೆ ‘ನಿಧನರಾದರು’ ಅಂದರೆ ಟಿವಿ ನ್ಯೂಸ್ ಥರ ಕೇಳುತ್ತೆ, ‘ಸತ್ತರು’ ಅಂದರೆ ಅಮ್ಮ ತಲೆಗೆ ಮೊಟಕ್ತಾಳೆ. ಇದನ್ನು ಯಾರೂ ಪಾಠ ಮಾಡಿ ಕಲಿಸಲಿಲ್ಲ. ಇಂಗ್ಲಿಷಿನಲ್ಲಿ ಆ ಅಮ್ಮ ಇಲ್ಲ, ಅಷ್ಟೇ ತೊಂದರೆ.

ನಮ್ಮ ಕಸುಬಿನ ಪದಗಳಲ್ಲಿ ಮಾತ್ರ ಬೇಲಿಯನ್ನು ಬರೆದೇ ಇಟ್ಟಿದ್ದಾರೆ. ಎರರ್, ಫಾಲ್ಟ್, ಫೇಲ್ಯೂರ್ ತಗೊಳ್ಳಿ. ಕನ್ನಡದಲ್ಲಿ ಮೂರನ್ನೂ ‘ದೋಷ’ ಅಂದು ಮುಗಿಸಬಹುದು. ಟೆಸ್ಟಿಂಗ್ ಪರೀಕ್ಷೆಗೆ ಓದಿದವರಿಗೆ ಗೊತ್ತಿರುತ್ತೆ: ಎರರ್ ಮನುಷ್ಯ ಮಾಡೋದು, ಫಾಲ್ಟ್ ಅಥವಾ ಡಿಫೆಕ್ಟ್ ಕೋಡಿನಲ್ಲಿ ಕೂರೋದು, ಫೇಲ್ಯೂರ್ ಬಳಸುವವನ ಕಣ್ಣಿಗೆ ಬೀಳೋದು. ಕೋಡಿನಲ್ಲಿ ಡಿಫೆಕ್ಟ್ ವರ್ಷಗಟ್ಟಲೆ ಮಲಗಿರಬಹುದು, ಆ ಸಾಲು ಓಡದಿದ್ದರೆ ಫೇಲ್ಯೂರ್ ಆಗೋದೇ ಇಲ್ಲ. ರಾತ್ರಿ ಎರಡು ಗಂಟೆಗೆ ಬ್ರಿಜ್ ಕಾಲ್‌ನಲ್ಲಿ ‘ಹ್ಯೂಮನ್ ಎರರ್’ ಅಂತ ಯಾರಾದರೂ ಬರೆದರೆ ಅವರು ಒಬ್ಬ ಮನುಷ್ಯನ ಕಡೆ ಬೆರಳು ತೋರಿಸ್ತಿದ್ದಾರೆ ಅಂತ ಲೆಕ್ಕ. ಗೊತ್ತಿರೋದು ಪೇಮೆಂಟ್ ಹೋಗ್ತಿಲ್ಲ ಅನ್ನೋದು ಮಾತ್ರ ಆದರೆ, ಫೇಲ್ಯೂರ್ ಅಂತ ಬರೀರಿ. ತನಿಖೆಗೆ ಮೊದಲೇ ಶಿಕ್ಷೆ ಯಾಕೆ?

(ಬಗ್ ಅನ್ನೋದು 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ಮಾರ್ಕ್ 2 ಯಂತ್ರದಲ್ಲಿ ಸಿಕ್ಕ ಪತಂಗದಿಂದ ಹುಟ್ಟಿತು ಅಂತ ಎಲ್ಲರೂ ಹೇಳ್ತಾರೆ. ಪತಂಗ ಸಿಕ್ಕದ್ದು ನಿಜ. ಆದರೆ ಎಡಿಸನ್ 1878ರಲ್ಲೇ ಯಂತ್ರದ ತೊಂದರೆಗೆ ಆ ಪದ ಬಳಸಿದ್ದ.)

ಸಪೋರ್ಟ್ ಟೀಮಿನವರಿಗೆ ಇನ್ನೊಂದು ಜೋಡಿ: ಇನ್ಸಿಡೆಂಟ್ ಮತ್ತು ಪ್ರಾಬ್ಲಮ್. ಐಟಿಲ್ ಪ್ರಕಾರ ಇನ್ಸಿಡೆಂಟ್ ಅಂದರೆ ಸೇವೆ ನಿಂತದ್ದು ಅಥವಾ ಕುಂಟಿದ್ದು. ಪ್ರಾಬ್ಲಮ್ ಅಂದರೆ ಅದರ ಹಿಂದಿನ ಕಾರಣ. ಸರ್ವರ್ ರೀಸ್ಟಾರ್ಟ್ ಮಾಡಿದರೆ ಇನ್ಸಿಡೆಂಟ್ ಮುಗೀತು, ಪ್ರಾಬ್ಲಮ್ ಅಲ್ಲೇ ಇದೆ. ಹಾಗಾಗಿ ರೀಸ್ಟಾರ್ಟ್ ಮಾಡಿ ‘ಫಿಕ್ಸ್ಡ್’ ಅಂತ ಬರೆಯೋದು ಅಪಾಯ. ಫಿಕ್ಸ್ ಅಂದರೆ ಮತ್ತೆ ಬರಲ್ಲ ಅನ್ನೋ ಮಾತು ಕೊಟ್ಟ ಹಾಗೆ. ಸದ್ಯಕ್ಕೆ ದಾಟಿಸಿದ್ದಕ್ಕೆ ವರ್ಕ್‌ಅರೌಂಡ್ ಅನ್ನೋ ಒಳ್ಳೆಯ, ಮರ್ಯಾದಸ್ಥ ಪದ ಇದೆ. ಅದನ್ನು ಬರೆದರೆ ನಾಚಿಕೆ ಅಂದುಕೊಳ್ಳೋರು ಬಹಳ. ಮಂಗಳವಾರ ಫಿಕ್ಸ್ಡ್ ಅಂದದ್ದು ಶುಕ್ರವಾರ ಮತ್ತೆ ಬಿದ್ದಾಗ ಆಗುವ ನಾಚಿಕೆ ಅದಕ್ಕಿಂತ ದೊಡ್ಡದು.

ಇಂಟರ್ನೆಟ್ಟಿನ ಮಾನದಂಡ ಬರೆಯೋರಿಗೂ ಇದೇ ತಲೆನೋವಿತ್ತು. ಅದಕ್ಕೆ 1997ರ ಮಾರ್ಚ್‌ನಲ್ಲಿ ಸ್ಕಾಟ್ ಬ್ರಾಡ್ನರ್ ಒಂದು ಪುಟ್ಟ ದಾಖಲೆ ಬರೆದರು, ಆರ್‌ಎಫ್‌ಸಿ 2119. ಮಸ್ಟ್ ಅಂದರೆ ಮಾಡಲೇಬೇಕು. ಶುಡ್ ಅಂದರೆ ಮಾಡಬೇಕು, ಆದರೆ ಪರಿಣಾಮ ಪೂರ್ತಿ ತಿಳಿದು ತೂಗಿ ನೋಡಿದ ಮೇಲೆ, ತಕ್ಕ ಕಾರಣವಿದ್ದರೆ ಬಿಡಬಹುದು. ಮೇ ಅಂದರೆ ನಿಮ್ಮಿಷ್ಟ. 2017ರಲ್ಲಿ ಆರ್‌ಎಫ್‌ಸಿ 8174 ಇನ್ನೊಂದು ಮಾತು ಸೇರಿಸಿತು: ದೊಡ್ಡಕ್ಷರದಲ್ಲಿ ಬರೆದಾಗ ಮಾತ್ರ ಈ ವಿಶೇಷ ಅರ್ಥ. ನಮ್ಮ ರಿಕ್ವೈರ್‌ಮೆಂಟ್ ದಾಖಲೆಗಳಲ್ಲಿ ಎಲ್ಲಾ ಕಡೆ ಶುಡ್ ಹಾಕ್ತೀವಿ, ಮಸ್ಟ್ ಅಂದರೆ ಒರಟು ಅನ್ನಿಸುತ್ತೆ ಅಂತ. ಕಡ್ಡಾಯ ಇರೋದನ್ನ ಶುಡ್ ಅಂತ ಬರೆದರೆ ಇನ್ನೊಂದು ಊರಿನ ಡೆವಲಪರ್ ಅದನ್ನು ಬಿಟ್ಟೇ ಬಿಡ್ತಾನೆ. ಕೇಳಿದರೆ ದಾಖಲೆ ಅವನ ಪರವಾಗಿದೆ.

‘ರಿವರ್ಟ್’ ಬಗ್ಗೆ ಜಾಸ್ತಿ ಹೇಳಲ್ಲ. ಭಾರತದೊಳಗೆ ಅದು ‘ಉತ್ತರ ಕೊಡಿ’ ಅಂತ ನಡೆಯುತ್ತೆ, ನಡೀಲಿ. ಹೊರಗಿನವರಿಗೆ ಅದು ‘ಹಿಂದಿನ ಸ್ಥಿತಿಗೆ ಒಯ್ಯಿ’. ಗಿಟ್‌ನಲ್ಲೂ ಅದೇ ಅರ್ಥ. ರಿಲೀಸ್ ದಿನ ‘ಪ್ಲೀಸ್ ರಿವರ್ಟ್’ ಅಂತ ಬರೆಯೋಕೆ ಮೊದಲು ಒಂದು ಉಸಿರು ತಗೊಳ್ಳಿ.

ಹಾಗಾದರೆ ಆರಿಸೋದು ಹೇಗೆ? ನಾನು ಡಿಕ್ಷನರಿಗೆ ಮೊದಲು ಒಂದು ಪ್ರಶ್ನೆ ಹಾಕ್ಕೋತೀನಿ: ಈ ಪದ ಓದಿದವರು ಮುಂದೆ ಏನು ಮಾಡ್ತಾರೆ? ಲಿನಕ್ಸ್ ಗೊತ್ತಿರೋರು ಇದನ್ನು ದಿನಾ ಮಾಡ್ತಾನೇ ಇದ್ದಾರೆ. ಸಿಗ್‌ಟರ್ಮ್, ಸಿಗ್‌ಕಿಲ್ ಎರಡೂ ‘ಮುಗಿಸು’ ಅನ್ನೋದೇ. ಮೊದಲನೆಯದು ಬಂದರೆ ಪ್ರೋಗ್ರಾಮ್ ಫೈಲ್ ಮುಚ್ಚಿ, ಬಾಗಿಲು ಹಾಕಿಕೊಂಡು ಹೋಗಬಹುದು. ಎರಡನೆಯದಕ್ಕೆ ಆ ಅವಕಾಶ ಇಲ್ಲ. ಡೌಟ್ ಅಂತ ಓದಿದವರು ಸಮರ್ಥನೆಗೆ ಕೂರ್ತಾರೆ, ಕ್ವೆಶ್ಚನ್ ಅಂತ ಓದಿದವರು ಉತ್ತರ ಬರೀತಾರೆ.

ಕೆಲವು ಪದಗಳಿಗೆ ಈ ಪ್ರಶ್ನೆ ನಡೆಯಲ್ಲ, ಅಲ್ಲಿ ಬರೀ ರೂಢಿ. ಫಾಸ್ಟ್ ಲೋಕಲ್ ಅಂತೀವಿ, ಕ್ವಿಕ್ ಲೋಕಲ್ ಅನ್ನಲ್ಲ. ಅದು ವೇಗದ ಮಾತೂ ಅಲ್ಲ, ಕೋಪರ್, ಮುಂಬ್ರಾ, ಕಳವಾದಂಥ ಸ್ಟೇಷನ್ನು ಬಿಟ್ಟು ಹೋಗುವ ಗಾಡಿ ಅಂತ. ಪದಗಳಿಗೂ ಇಂಥ ಖಾಯಂ ಜೊತೆಗಾರರು ಇರ್ತಾರೆ. ಇದಕ್ಕೆ ವರ್ಡ್‌ನಲ್ಲಿ ರೈಟ್‌ಕ್ಲಿಕ್ ಮಾಡಿ ಸಿಗುವ ಪಟ್ಟಿ ಸಾಲದು. ಅದು ನೆರೆಹೊರೆಯವರನ್ನು ತೋರಿಸುತ್ತೆ, ಯಾರನ್ನು ಮನೆಗೆ ಕರೀಬಹುದು ಅಂತ ಹೇಳಲ್ಲ. ಕಲಿಯುವವರಿಗಾಗಿ ಮಾಡಿದ ಡಿಕ್ಷನರಿ ನೋಡಿ. ಆಕ್ಸ್‌ಫರ್ಡಿನ ಅಂಥ ಡಿಕ್ಷನರಿ ಎ. ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸ್ತಾ ಸಿದ್ಧಮಾಡಿದ್ದು. 1942ರಲ್ಲಿ ಮೊದಲು ಟೋಕಿಯೋದಲ್ಲೇ ಅಚ್ಚಾಯಿತು. ನಮ್ಮ ಹಾಗೆ ಹೊರಗಿನಿಂದ ಬರುವವರಿಗೆ ಅಂತಲೇ ಹುಟ್ಟಿದ ಪುಸ್ತಕ. ಈಗ ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತೆ. ಅರ್ಥ ಬಿಡಿ, ಅದರ ಉದಾಹರಣೆ ವಾಕ್ಯಗಳನ್ನು ಮಾತ್ರ ಓದಿ.

ಎಐ ಬರೆದುಕೊಡುತ್ತಲ್ಲ ಅನ್ನೋರಿಗೆ: ಬರೆದುಕೊಡುತ್ತೆ, ಚೆನ್ನಾಗೇ ಬರೆದುಕೊಡುತ್ತೆ. ಆದರೆ ನಿನ್ನೆ ರಾತ್ರಿ ನೀವು ಮಾಡಿದ್ದು ಫಿಕ್ಸೋ ವರ್ಕ್‌ಅರೌಂಡೋ ಅನ್ನೋದು ಗೊತ್ತಿರೋದು ನಿಮಗೆ. ಅದನ್ನು ನೀವೇ ಟೈಪ್ ಮಾಡಬೇಕು.